ಬೋರ್ಡಿಗೆ ನಾಲ್ಕು ಸ್ಟಾರ್, ಅದರ ಕಂಪೈಲರಿಗೆ ಒಂದೂವರೆ

ಐದು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ. ಡಬ್ಬ ಬಿಚ್ಚಿದ ದಿನವೇ ಬರೆದಿದ್ದರೆ ಐದಕ್ಕೆ ಐದು ಕೊಟ್ಟುಬಿಡುತ್ತಿದ್ದೆ.

ವಿಷಯ ಒಂದು ರಿಸ್ಕ್-ಫೈವ್ ಬೋರ್ಡ್, ಅಂದರೆ ಇಂಟೆಲ್, ಆರ್ಮ್ ಅಲ್ಲದ ಇನ್ನೊಂದು ಜಾತಿಯ ಪ್ರೊಸೆಸರ್ ಇರುವ ಸಣ್ಣ ಕಂಪ್ಯೂಟರ್. ನಾಲ್ಕು ಕೋರ್, 4 ಜಿಬಿ ರ‍್ಯಾಮ್, ಎರಡು ಈಥರ್ನೆಟ್ ಪೋರ್ಟ್. ಕೈಗೆ ಬಂದಾಗ ಆರು ಸಾವಿರ ಚಿಲ್ಲರೆ ಬಿತ್ತು. ಮಾಡಿದವರ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಆ ಒಂದು ಕಂಪನಿಯನ್ನು ಬಿಟ್ಟು ಪಕ್ಕದವರದ್ದನ್ನು ಕೊಳ್ಳುತ್ತೀರಿ, ಅಲ್ಲೂ ಇದೇ ಕಥೆ ಇರಬಹುದು. ಹೆಸರಿಗಿಂತ ಏನನ್ನು ಬಿಚ್ಚಿ ನೋಡಬೇಕು ಅಂತ ಗೊತ್ತಿದ್ದರೆ ಉಪಯೋಗ ಜಾಸ್ತಿ.

ನಮ್ಮದು ಪುಣೆಯ ಕೋಥ್ರೂಡ್‌ನಲ್ಲಿ ಏಳು ಜನರ ಸಣ್ಣ ಆಫೀಸು. ಭೋಸರಿ, ಚಾಕಣ ಕಡೆಯ ಕಾರ್ಖಾನೆಗಳಲ್ಲಿ ಕರೆಂಟ್ ಮೀಟರುಗಳನ್ನು ಓದಿ ಸರ್ವರ್‌ಗೆ ಕಳಿಸುವ ಪೆಟ್ಟಿಗೆ ಮಾಡುತ್ತೇವೆ. ಏಳರಲ್ಲಿ ನಾಲ್ಕು ಜನ ಕನ್ನಡದವರು, ಇಬ್ಬರು ಬೆಳಗಾವಿ, ಒಬ್ಬರು ವಿಜಯಪುರ, ನಾನು ಧಾರವಾಡ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಶೇಂಗಾ ಹಿಂಡಿ ಯಾರದ್ದು ಅಂತ ಕೇಳುವಂತಿಲ್ಲ, ಎಲ್ಲರದ್ದೂ ಅದೇ. ಇಷ್ಟು ದಿನ ಪೆಟ್ಟಿಗೆಯೊಳಗೆ ಇಂಟೆಲ್ ಚಿಪ್ಪಿನ ಸಣ್ಣ ಪಿಸಿ ಇಡುತ್ತಿದ್ದೆವು. ಅದು ದುಬಾರಿ, ಬಿಸಿಯೂ ಜಾಸ್ತಿ. ಅದಕ್ಕೇ ರಿಸ್ಕ್-ಫೈವ್ ನೋಡೋಣ ಅಂತ ಹೊರಟದ್ದು.

ಮೊದಲು ಹೊಗಳಿಕೆ ಮುಗಿಸಿಬಿಡುತ್ತೇನೆ. ಬೋರ್ಡ್ ಚೆನ್ನಾಗಿದೆ. ಏಪ್ರಿಲ್ ಬಿಸಿಲಲ್ಲಿ ತಗಡಿನ ಶೆಡ್ಡಿನೊಳಗೆ ಫ್ಯಾನ್ ಇಲ್ಲದೆ ನಿಂತಿದೆ. ಸೀರಿಯಲ್ ಪಿನ್ನುಗಳ ಪಕ್ಕದಲ್ಲಿ ಹೆಸರು ಸ್ಪಷ್ಟವಾಗಿ ಅಚ್ಚಾಗಿದೆ, ಭೂತಗನ್ನಡಿ ಬೇಕಾಗಿಲ್ಲ. ಎರಡು ಈಥರ್ನೆಟ್ ಇರುವುದರಿಂದ ಒಂದು ಮೀಟರುಗಳ ಕಡೆಗೆ, ಇನ್ನೊಂದು ಆಫೀಸ್ ನೆಟ್‌ವರ್ಕ್ ಕಡೆಗೆ. ಸೀರಿಯಲ್ ಕೇಬಲ್ ಮಾತ್ರ ಜೊತೆಗೆ ಕೊಡುವುದಿಲ್ಲ, ತಪಕೀರ್ ಗಲ್ಲಿಗೆ ಹೋಗಿ ತಂದೆವು. ಮೊದಲನೇ ಕೇಬಲ್ ಸತ್ತಿತ್ತು, ಎರಡನೇದು ಸರಿಯಿತ್ತು. ಅದಕ್ಕೆ ಬೋರ್ಡಿನವರನ್ನು ಬೈಯುವುದಿಲ್ಲ.

ಬೈಯಬೇಕಾಗಿರುವುದು ಜೊತೆಗೆ ಬಂದ ಎಸ್‌ಡಿಕೆಯನ್ನು, ಅಂದರೆ ಬೋರ್ಡಿಗೆ ಪ್ರೋಗ್ರಾಂ ಕಟ್ಟಲು ಕೊಡುವ ಸಾಫ್ಟ್‌ವೇರ್ ಗಂಟನ್ನು. ಅದರೊಳಗೆ ಒಂದು ಸಣ್ಣ ಲಿನಕ್ಸ್, ಸಿ ಲೈಬ್ರರಿಯಾಗಿ (ಪ್ರೋಗ್ರಾಂಗಳು ಬಳಸುವ ಮೂಲ ಫಂಕ್ಷನ್ನುಗಳ ಕಟ್ಟು) ಮಸಲ್, ಕಂಪೈಲರ್ (ಬರೆದ ಕೋಡನ್ನು ಚಿಪ್ ಓಡಿಸಬಲ್ಲ ಬೈನರಿ ಫೈಲ್ ಮಾಡುವ ಸಾಧನ) ಅಂತ ಜಿಸಿಸಿ 10. ಈ ಕಾಲಕ್ಕೆ ಜಿಸಿಸಿ 10 ಯಾಕೆ ಅಂತ ನಾವೂ ಕೇಳಿಕೊಂಡೆವು. ಆದರೆ ಕೋಡ್ ಒಂದೇ ಸಲಕ್ಕೆ ಕಂಪೈಲ್ ಆಯಿತು, ಪೆಟ್ಟಿಗೆ ಓಡಿತು, ಖುಷಿಯಾಗಿ ಅಮೃತತುಲ್ಯದಲ್ಲಿ ಚಹಾ ಕುಡಿದು ಬಂದೆವು.

ಆಮೇಲೆ ಭೋಸರಿಯ ಒಂದು ಗಿರಾಕಿಯಿಂದ ಫಾರ್ಮ್ ಬಂತು. ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವವರು, ಮೇಲಿನಿಂದ ಅವರಿಗೆ ಒತ್ತಡ, ಅವರಿಂದ ನಮಗೆ. ಫಾರ್ಮಿನಲ್ಲಿ ನಾಲ್ಕು ಕಾಲಂ: ಕ್ಯಾನರಿ ಇದೆಯಾ, ಪಿಐಇ ಇದೆಯಾ, ರೆಲ್‌ರೋ ಇದೆಯಾ, ಎನ್‌ಎಕ್ಸ್ ಇದೆಯಾ. ನಾಲ್ಕೂ ಬೈನರಿ ಕಟ್ಟುವಾಗ ಸೇರಿಸುವ ರಕ್ಷಣೆಗಳು: ಕ್ಯಾನರಿ ಅಂದರೆ ಬಫರ್ ತುಂಬಿ ಹರಿದರೆ ಕೆಡುವ ಕಾವಲು ಸಂಖ್ಯೆ, ಪಿಐಇ ಅಂದರೆ ಪ್ರೋಗ್ರಾಂ ಪ್ರತಿ ಸಲ ಬೇರೆ ವಿಳಾಸದಲ್ಲಿ ಕೂರುವಂತೆ ಕಟ್ಟುವುದು, ರೆಲ್‌ರೋ ಅಂದರೆ ಲೈಬ್ರರಿ ವಿಳಾಸಗಳ ಕೋಷ್ಟಕವನ್ನು ಯಾರೂ ತಿದ್ದದಂತೆ ಬೀಗ ಹಾಕುವುದು, ಎನ್‌ಎಕ್ಸ್ ಅಂದರೆ ಡೇಟಾ ಇರುವ ಜಾಗದಲ್ಲಿ ಕೋಡ್ ಓಡದಂತೆ ತಡೆಯುವುದು. ಚೆಕ್‌ಸೆಕ್ ಅನ್ನೋ ಸಣ್ಣ ಸ್ಕ್ರಿಪ್ಟ್ ಇದೆ, ಬೈನರಿ ಕೊಟ್ಟರೆ ಅದೇ ಹೇಳುತ್ತದೆ. ಹಳೆಯ ಇಂಟೆಲ್ ಬೈನರಿ ಕೊಟ್ಟೆವು, ಎಲ್ಲಾ ಹಸಿರು. ರಿಸ್ಕ್-ಫೈವ್ ಬೈನರಿ ಕೊಟ್ಟೆವು. ಕ್ಯಾನರಿ ಇಲ್ಲ, ಪಿಐಇ ಇಲ್ಲ, ರೆಲ್‌ರೋ ಅರ್ಧ. ಕೋಡ್ ಅದೇ, ಕಂಪೈಲರಿಗೆ ಸೂಚನೆ ಬರೆದಿಡುವ ಮೇಕ್‌ಫೈಲ್ ಅದೇ!

ಮೇಕ್‌ಫೈಲ್ ತೆಗೆದು ನೋಡಿದರೆ ಅದರಲ್ಲಿ ಭದ್ರತೆಯ ಒಂದು ಫ್ಲ್ಯಾಗೂ (ಕಂಪೈಲರಿಗೆ ಕೊಡುವ ಆಯ್ಕೆ) ಇಲ್ಲ. ಓ2, ವಾಲ್, ಅಷ್ಟೇ. ಹಾಗಾದರೆ ಇಂಟೆಲ್ ಬೈನರಿ ಹಸಿರಾದದ್ದು ಹೇಗೆ? ಉಬುಂಟುವಿನಿಂದ, ಅಂದರೆ ಅದನ್ನು ಕಂಪೈಲ್ ಮಾಡಿದ ಲಿನಕ್ಸಿನಿಂದ. ಉಬುಂಟುವಿನ ಜಿಸಿಸಿಯಲ್ಲಿ ಕ್ಯಾನರಿ ಇಡುವ ಸ್ಟ್ಯಾಕ್ ಪ್ರೊಟೆಕ್ಟರ್ 2006ರಿಂದಲೇ ತಾನಾಗಿ ಆನ್. ಪಿಐಇ ಕೂಡ ತಾನಾಗಿ ಬರುತ್ತದೆ, ಡೇಟಾ ನಕಲು ಮಾಡುವಾಗ ಅಳತೆ ನೋಡುವ ಫೋರ್ಟಿಫೈ ಸೋರ್ಸ್ ಕೂಡ. 24.04ರಿಂದ ಫೋರ್ಟಿಫೈ 3ನೇ ಮಟ್ಟಕ್ಕೇ ಹೋಗಿದೆ. ಇದೆಲ್ಲ ಜಿಸಿಸಿಯ ಗುಣ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಅಲ್ಲ. ಜಿಸಿಸಿ ಮೂಲದಿಂದ ಬಂದಂತೆ ಕಟ್ಟಿದರೆ ಇದ್ಯಾವುದೂ ಆನ್ ಇರುವುದಿಲ್ಲ. ಕಟ್ಟುವವರು ಕಾನ್ಫಿಗರ್ ಮಾಡುವಾಗ ‘ಎನೇಬಲ್ ಡಿಫಾಲ್ಟ್ ಪೈ’, ‘ಎನೇಬಲ್ ಡಿಫಾಲ್ಟ್ ಎಸ್‌ಎಸ್‌ಪಿ’ ಅಂತ ಕೇಳಬೇಕು (ಪೈ ಅಂದರೆ ಅದೇ ಪಿಐಇ, ಎಸ್‌ಎಸ್‌ಪಿ ಅಂದರೆ ಸ್ಟ್ಯಾಕ್ ಪ್ರೊಟೆಕ್ಟರ್). ನಮ್ಮ ಎಸ್‌ಡಿಕೆಯ ಕಂಪೈಲರನ್ನು ‘ವಿ’ ಹಾಕಿ ಓಡಿಸಿದರೆ ಕಾನ್ಫಿಗರ್ ಸಾಲು ಉದ್ದಕ್ಕೆ ಬರುತ್ತದೆ, ಅದರಲ್ಲಿ ಇವೆರಡೂ ಇರಲಿಲ್ಲ. ಇಷ್ಟು ನೋಡಲು ಹತ್ತು ಸೆಕೆಂಡ್ ಸಾಕು. ಬೋರ್ಡ್ ಕೊಂಡವರು ಮೊದಲ ದಿನವೇ ನೋಡಿ, ನಾವು ಎರಡು ತಿಂಗಳಾದ ಮೇಲೆ ನೋಡಿದೆವು.

ಸರಿ, ಕೈಯಾರೆ ಫ್ಲ್ಯಾಗ್ ಹಾಕೋಣ ಅಂತ ಕೂತೆವು. ಎಲ್ಲರೂ ಮಾಡುವ ಹಾಗೆ ಇಂಟೆಲ್‌ಗೆ ಅಂತ ಬರೆದ ಪಟ್ಟಿಯನ್ನು ಪೂರ್ತಿ ಎತ್ತಿ ಅಂಟಿಸಿದೆವು. ತಕ್ಷಣ ಎರರ್. ‘ಸಿಎಫ್ ಪ್ರೊಟೆಕ್ಷನ್ ಈ ಟಾರ್ಗೆಟ್‌ಗೆ ಸಪೋರ್ಟ್ ಇಲ್ಲ.’ ನ್ಯಾಯವೇ, ಅದು ಪ್ರೋಗ್ರಾಂ ದಾರಿ ತಪ್ಪಿ ಬೇರೆಡೆ ಜಿಗಿಯದಂತೆ ನೋಡುವ, ಇಂಟೆಲ್ ಚಿಪ್ಪಿನೊಳಗಿನ ಸೌಲಭ್ಯಕ್ಕೆ ಬರೆದ ಫ್ಲ್ಯಾಗ್. ರಿಸ್ಕ್-ಫೈವ್‌ನಲ್ಲಿ ಅದೇ ಕೆಲಸಕ್ಕೆ ಝಿಕ್‌ಫಿಲ್ಪ್, ಝಿಕ್‌ಫಿಸ್ ಅಂತ ಎರಡು ವಿಸ್ತರಣೆಗಳು ಬಂದಿವೆ, ಒಪ್ಪಿಗೆಯಾದದ್ದು 2024ರಲ್ಲಿ. ನಮ್ಮ ಚಿಪ್ ಅದಕ್ಕಿಂತ ಹಳೆಯದು. ಆ ಒಂದು ಫ್ಲ್ಯಾಗ್ ತೆಗೆದೆವು. ಉಳಿದದ್ದೆಲ್ಲ ಕಂಪೈಲರ್ ಚಕಾರವೆತ್ತದೆ ತೆಗೆದುಕೊಂಡಿತು: ಸ್ಟ್ಯಾಕ್ ಪ್ರೊಟೆಕ್ಟರ್ ಸ್ಟ್ರಾಂಗ್, ಸ್ಟ್ಯಾಕ್ ಕ್ಲ್ಯಾಶ್ ಪ್ರೊಟೆಕ್ಷನ್, ಫೋರ್ಟಿಫೈ, ಪಿಐಇ, ರೆಲ್‌ರೋ, ಅದನ್ನು ಪೂರ್ತಿ ಮಾಡುವ ನೌ. ಮತ್ತೆ ಚೆಕ್‌ಸೆಕ್. ಎಲ್ಲಾ ಹಸಿರು. ಫಾರ್ಮ್ ತುಂಬಿ ಕಳಿಸಿದೆವು.

ಇಲ್ಲಿಗೆ ನಿಂತಿದ್ದರೆ ಈ ರಿವ್ಯೂ ಮೂರು ಸ್ಟಾರಿಗೆ ಮುಗಿಯುತ್ತಿತ್ತು.

ಎರಡು ವಾರ ಕಳೆದಿರಬೇಕು. ನಮ್ಮ ಬೆಳಗಾವಿ ಹುಡುಗ ಸೈಟಿನಿಂದ ಫೋನ್ ಮಾಡಿದ. ‘ಸರ್ರ, ನಾಲ್ಕನೇ ಮೀಟರಿನಾಗ ಮೂರನೇದರ ರೀಡಿಂಗ್ ಬರಾಕತ್ತಾವ್ರಿ.’ ಕೇಬಲ್ ಅದಲುಬದಲಾಗಿದೆ ನೋಡೋ ಅಂದೆ. ‘ನೋಡೇನ್ರಿ, ಬರೋಬರಿ ಐತಿ. ತಾಸಿಗೊಮ್ಮೆ ಅಷ್ಟ ಹಿಂಗಾಗತೈತಿ, ಆಮ್ಯಾಲೆ ತಾನ ಸರಿ ಆಗತೈತಿ.’ ತಾಸಿಗೊಮ್ಮೆ ಅಂದಾಗಲೇ ಹೊಟ್ಟೆಯಲ್ಲಿ ಕಸಿವಿಸಿ ಶುರುವಾಯಿತು. ತಾಸಿಗೊಮ್ಮೆ ಓಡುವ ಫಂಕ್ಷನ್ ಬರೆದವನು ನಾನೇ.

ಅದರೊಳಗೆ ಏನಿತ್ತು ಅಂದ್ರೆ, 160 ಕೆಬಿಯ ಒಂದು ಲೋಕಲ್ ಅರೇ, ಅಂದರೆ ಫಂಕ್ಷನ್ ಓಡುವಷ್ಟು ಹೊತ್ತು ಸ್ಟ್ಯಾಕ್ ಅನ್ನುವ ನೆನಪಿನ ಜಾಗದಲ್ಲಿ ಕೂರುವ ಡೇಟಾ ಸಾಲು. ಒಂದು ತಾಸಿನ ರೀಡಿಂಗ್ ಎಲ್ಲ ಅದರಲ್ಲಿ ಜೋಡಿಸಿ ಸರ್ವರ್‌ಗೆ ಕಳಿಸುವುದು. ಅಷ್ಟು ದೊಡ್ಡದು ಬೇಕಿರಲಿಲ್ಲ, ಮೊದಲ ಕೆಲವು ಕೆಬಿ ಮಾತ್ರ ಬಳಸುತ್ತಿದ್ದೆ. ಇರಲಿ ಅಂತ ಸುಮ್ನೆ ದೊಡ್ಡದಿಟ್ಟಿದ್ದೆ. ಉಬುಂಟುವಿನ ಸಿ ಲೈಬ್ರರಿಯಾದ ಗ್ಲಿಬ್‌ಸಿಯಲ್ಲಿ ಥ್ರೆಡ್ (ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಕೆಲಸ) ಒಂದಕ್ಕೆ ಸಾಮಾನ್ಯವಾಗಿ 8 ಎಂಬಿ ಸ್ಟ್ಯಾಕ್ ಸಿಗುತ್ತದೆ, ಅಲ್ಲಿ 160 ಕೆಬಿ ಯಾವ ಲೆಕ್ಕ. ಮಸಲ್‌ನಲ್ಲಿ ನೀವಾಗಿ ಕೇಳದಿದ್ದರೆ ಸಿಗುವುದು 128 ಕೆಬಿ. ಅದರ ಕೆಳಗೆ 8 ಕೆಬಿಯ ಗಾರ್ಡ್, ಮುಟ್ಟಿದರೆ ಪ್ರೋಗ್ರಾಂ ಸಾಯುವ ಜಾಗ. ಅದರ ಕೆಳಗೆ ಪಕ್ಕದ ಥ್ರೆಡ್ಡಿನ ಸ್ಟ್ಯಾಕ್.

ಕೂಡಿಸಿ ನೋಡಿ. 128 ಮತ್ತು 8 ಸೇರಿ 136. ನನ್ನ ಅರೇ 160. ಸ್ಟ್ಯಾಕ್ ಬೆಳೆಯುವುದು ಕೆಳಮುಖವಾಗಿ; ಫಂಕ್ಷನ್ ಶುರುವಾದ ಕೂಡಲೇ ಅದರ ತುದಿ ತೋರಿಸುವ ಸ್ಟ್ಯಾಕ್ ಪಾಯಿಂಟರ್ ಒಂದೇ ನೆಗೆತಕ್ಕೆ 160 ಕೆಬಿ ಕೆಳಗಿಳಿದು ಗಾರ್ಡನ್ನು ಮುಟ್ಟದೆಯೇ ದಾಟಿ ಪಕ್ಕದ ಮನೆಯೊಳಗೆ ಕೂತಿತು. ಅರೇಯ ಮೊದಲ ಬೈಟುಗಳು ಇರುವುದು ಎಲ್ಲಕ್ಕಿಂತ ಕೆಳಗಿನ ವಿಳಾಸದಲ್ಲಿ, ನಾನು ಬರೆಯುತ್ತಿದ್ದದ್ದೂ ಅಲ್ಲೇ, ನಾಲ್ಕನೇ ಮೀಟರಿನ ಥ್ರೆಡ್ ತನ್ನ ರೀಡಿಂಗ್ ಬಫರ್ ಇಟ್ಟುಕೊಂಡಿದ್ದದ್ದೂ ಅಲ್ಲೇ. ಮೂರನೇ ಮೀಟರಿನ ಅಂಕಿಗಳು ನಾಲ್ಕನೆಯದರ ಬಾಯಿಂದ ಬಂದವು.

ಇದರಲ್ಲಿ ಕ್ಯಾನರಿಯ ತಪ್ಪಿಲ್ಲ. ಅರೇ ತನ್ನ ಗಡಿ ದಾಟಿಲ್ಲ, ಅದು ಇದ್ದ ಜಾಗವೇ ತಪ್ಪು. ಇಂಥದ್ದನ್ನು ಹಿಡಿಯಬೇಕಾದದ್ದು ಸ್ಟ್ಯಾಕ್ ಕ್ಲ್ಯಾಶ್ ಪ್ರೊಟೆಕ್ಷನ್. ನಾವು ಹಾಕಿದ್ದೆವಲ್ಲ ಆ ಫ್ಲ್ಯಾಗ್!

ಈ ಫ್ಲ್ಯಾಗ್ ಹುಟ್ಟಿದ ಕಥೆ ಚಿಕ್ಕದು. 2017ರ ಜೂನ್‌ನಲ್ಲಿ ಕ್ವಾಲಿಸ್ ಕಂಪನಿಯ ಸಂಶೋಧಕರು ‘ಸ್ಟ್ಯಾಕ್ ಕ್ಲ್ಯಾಶ್’ ಅಂತ ಒಂದು ದಾಳಿಯ ಜಾತಿಯನ್ನೇ ಹೊರಹಾಕಿದರು: ಸ್ಟ್ಯಾಕನ್ನು ಗಾರ್ಡಿನ ಮೇಲಿಂದ ಹಾರಿಸಿ ಬೇರೆ ನೆನಪಿನ ಜಾಗಕ್ಕೆ ಢಿಕ್ಕಿ ಹೊಡೆಸುವುದು. ಕರ್ನಲ್‌ನವರು ಮುಖ್ಯ ಸ್ಟ್ಯಾಕಿನ ಗಾರ್ಡನ್ನು ಒಂದು ಪುಟದಿಂದ (ನೆನಪಿನ 4096 ಬೈಟಿನ ತುಂಡು) 1 ಎಂಬಿಗೆ ಹಿಗ್ಗಿಸಿದರು. ಥ್ರೆಡ್ಡುಗಳಿಗೆ ಆ ಭಾಗ್ಯ ಇಲ್ಲ, ಗ್ಲಿಬ್‌ಸಿಯಲ್ಲಿ ಅದು ಈಗಲೂ ಒಂದೇ ಪುಟ. ಪೂರ್ತಿ ಮದ್ದು ಕಂಪೈಲರಿನಲ್ಲೇ ಇರಬೇಕಿತ್ತು, 2018ರ ಜಿಸಿಸಿ 8ರಲ್ಲಿ ಬಂತು. ಕತ್ತಲಲ್ಲಿ ಮೆಟ್ಟಿಲು ಇಳಿಯುವವರು ಕಾಲಲ್ಲಿ ತಡವಿ ತಡವಿ ಇಳಿಯುತ್ತಾರಲ್ಲ, ಹಾಗೆ. ಒಂದೊಂದು ಪುಟ ಇಳಿದು ಅಲ್ಲೊಮ್ಮೆ ಮುಟ್ಟಬೇಕು, ಆಮೇಲೆ ಮುಂದಿನ ಪುಟ. ಗಾರ್ಡ್ ಎಲ್ಲೇ ಇದ್ದರೂ ಕಾಲು ತಾಗಿಯೇ ತಾಗುತ್ತದೆ.

ಬೈನರಿಯೊಳಗಿನ ಇನ್‌ಸ್ಟ್ರಕ್ಷನ್ ತೋರಿಸುವ ಆಬ್ಜ್‌ಡಂಪ್ ಹಾಕಿ ಎರಡೂ ಬೈನರಿಗಳನ್ನು ಅಕ್ಕಪಕ್ಕ ಇಟ್ಟೆವು. ಇಂಟೆಲ್ ಕಡೆ ಫಂಕ್ಷನ್ನಿನ ಬಾಗಿಲಲ್ಲೇ ಒಂದು ಪುಟ್ಟ ಲೂಪ್: 4096 ಕಳೆ, ಮುಟ್ಟು, ಇನ್ನೂ ಇದೆಯಾ, ಮತ್ತೆ ಕಳೆ. ರಿಸ್ಕ್-ಫೈವ್ ಕಡೆ ದೊಡ್ಡ ಋಣ ಸಂಖ್ಯೆಯನ್ನು ಒಂದು ರಿಜಿಸ್ಟರಿಗೆ ತುಂಬಿಸಿ ಎಸ್‌ಪಿಗೆ (ಅದೇ ಸ್ಟ್ಯಾಕ್ ಪಾಯಿಂಟರ್) ಒಂದೇ ಏಟಿಗೆ ಕೂಡಿಸಿದ್ದರು. ಮುಟ್ಟುವುದು ಇಲ್ಲ, ಲೂಪೂ ಇಲ್ಲ. ಫ್ಲ್ಯಾಗ್ ತೆಗೆದು ಮತ್ತೆ ಕಂಪೈಲ್ ಮಾಡಿದೆವು. ಆ ಫಂಕ್ಷನ್ನಿನಲ್ಲಿ ಒಂದಕ್ಷರ ಬದಲಾಗಲಿಲ್ಲ!

ನನ್ನ ದೂರು ಇರುವುದು ಇಲ್ಲಿ. ಸಿಎಫ್ ಪ್ರೊಟೆಕ್ಷನ್ ಹಾಕಿದಾಗ ಕಂಪೈಲರ್ ಕೂಗಾಡಿತು, ನಾವು ಎಚ್ಚೆತ್ತೆವು. ಸ್ಟ್ಯಾಕ್ ಕ್ಲ್ಯಾಶ್ ಹಾಕಿದಾಗ ತಲೆಯಾಡಿಸಿ ಸುಮ್ಮನಾಯಿತು. ಊಟದ ಪಂಕ್ತಿಯ ಹಾಗೆ. ಮೊದಲ ಪಂಕ್ತಿಯಲ್ಲಿ ಕೂತ ಇಂಟೆಲ್‌ಗೆ ಹೋಳಿಗೆ, ಮೇಲೆ ತುಪ್ಪ. ಕೊನೇ ಪಂಕ್ತಿಗೆ ಹೋಳಿಗೆ ಬರುತ್ತದೆ, ತುಪ್ಪದ ಮಿಳ್ಳೆ ಹಿಡಿದವನೂ ಬಗ್ಗಿ ಹೋಗುತ್ತಾನೆ, ಮಿಳ್ಳೆ ಮಾತ್ರ ಖಾಲಿ. ಎಲೆ ನೋಡಿಕೊಳ್ಳದವನು ತುಪ್ಪ ಬಿದ್ದಿದೆ ಅಂತಲೇ ತಿನ್ನುತ್ತಾನೆ.

ಜಿಸಿಸಿಯವರು ಮುಚ್ಚಿಟ್ಟಿಲ್ಲ, ಅದನ್ನೂ ಹೇಳಬೇಕು. ಅವರ ಕೈಪಿಡಿಯಲ್ಲಿ ಆ ಫ್ಲ್ಯಾಗಿನ ಕೆಳಗೇ ಬರೆದಿದೆ, ಬಹಳಷ್ಟು ಟಾರ್ಗೆಟ್‌ಗಳಲ್ಲಿ ಇದರ ಬೆಂಬಲ ಪೂರ್ತಿ ಇಲ್ಲ ಅಂತ. ಓಡುವಾಗ ಅಳತೆ ಗೊತ್ತಾಗುವ ಅಲೋಕಾ ತರಹದ್ದಕ್ಕೆ ಕಾವಲು ಸಿಗುತ್ತದೆ, ನನ್ನ ಅರೇಯ ತರಹ ಅಳತೆ ಮೊದಲೇ ಗೊತ್ತಿರುವುದಕ್ಕೆ ಸಿಗಲಿಕ್ಕಿಲ್ಲ. ಆ ಲೂಪನ್ನು ಪ್ರತಿ ಪ್ರೊಸೆಸರಿಗೂ ಬೇರೆಯಾಗಿ, ಕೈಯಿಂದ ಬರೆಯಬೇಕು. ಇಂಟೆಲ್, ಪವರ್, ಎಸ್390, ಆರ್ಮ್ 64ಕ್ಕೆ ಬರೆಯುವವರು ಇದ್ದರು, ಸಂಬಳ ಕೊಡುವ ದೊಡ್ಡ ಕಂಪನಿಗಳೂ ಇದ್ದವು. ರಿಸ್ಕ್-ಫೈವ್ ಜಿಸಿಸಿಗೆ ಬಂದದ್ದೇ 2017ರಲ್ಲಿ. ಅದರ ಸರದಿ ಬರುವ ಹೊತ್ತಿಗೆ ಜಿಸಿಸಿ 15, ಅಂದರೆ 2025. ಏಳು ವರ್ಷ.

ಎಸ್‌ಡಿಕೆಯವರ ಸಪೋರ್ಟ್‌ಗೆ ಮೇಲ್ ಹಾಕಿದೆವು, ಡಂಪ್ ಸಮೇತ. ನಾಲ್ಕು ದಿನಕ್ಕೆ ಉತ್ತರ: ನಮ್ಮ ಕಂಪೈಲರ್ ಆ ಫ್ಲ್ಯಾಗನ್ನು ಸಪೋರ್ಟ್ ಮಾಡುತ್ತದೆ, ಎರರ್ ಬರುವುದಿಲ್ಲ. ಎರರ್ ಬರುವುದಿಲ್ಲ ಅನ್ನುವುದೇ ನಮ್ಮ ದೂರು ಸ್ವಾಮಿ ಅಂತ ಮತ್ತೆ ಬರೆದೆ. ಅದಕ್ಕೆ ಉತ್ತರ ಬಂದಿಲ್ಲ.

ಹುಡುಕುತ್ತ ಹೋದರೆ ಇನ್ನೊಂದು ಖಾಲಿ ಮಿಳ್ಳೆ ಸಿಕ್ಕಿತು. ಫೋರ್ಟಿಫೈ ಹಾಕಿದ್ದೆವಲ್ಲ, ಅದೂ ಸುಮ್ನೆ. ಮೆಮ್‌ಕಾಪಿ, ಸ್ಪ್ರಿಂಟ್‌ಎಫ್ ಇಂಥವುಗಳ ಜಾಗದಲ್ಲಿ ಅಳತೆ ನೋಡುವ ಆವೃತ್ತಿ ಕೂರಿಸುವುದು ಗ್ಲಿಬ್‌ಸಿಯ ಕೆಲಸ. ಮಸಲ್‌ನಲ್ಲಿ ಅಂಥದ್ದೇ ಇಲ್ಲ. ಫೋರ್ಟಿಫೈ ಹೆಡರ್ಸ್ ಅಂತ ಬೇರೆ ಪ್ಯಾಕೇಜ್ ಇದೆ, ಮಸಲ್ ಬಳಸುವ ಲಿನಕ್ಸ್‌ಗಳಾದ ಆಲ್ಪೈನ್‌ನವರು, ಓಪನ್‌ಡಬ್ಲ್ಯುಆರ್‌ಟಿಯವರು ಅದನ್ನು ಸೇರಿಸಿ ಕೊಡುತ್ತಾರೆ. ನಮ್ಮ ಎಸ್‌ಡಿಕೆಯಲ್ಲಿ ಅದಿರಲಿಲ್ಲ. ಮ್ಯಾಕ್ರೋ ಹೆಸರು ಕೊಟ್ಟೆವು, ಅದನ್ನು ಓದುವವರೇ ಯಾರೂ ಇಲ್ಲ. ಇದು ಪ್ರೊಸೆಸರಿನ ತಪ್ಪೂ ಅಲ್ಲ, ಲೈಬ್ರರಿಯದ್ದು. ಆದರೆ ಸಣ್ಣ ಬೋರ್ಡುಗಳ ಜೊತೆ ಮಸಲ್ ಬರುವುದು ಸಾಮಾನ್ಯ, ಹಾಗಾಗಿ ಎರಡೂ ಒಟ್ಟಿಗೇ ತಲೆಗೆ ಬೀಳುತ್ತವೆ.

ಚೆಕ್‌ಸೆಕ್ ಬಗ್ಗೆಯೂ ಒಂದು ಮಾತು, ಅದನ್ನೇ ನಂಬಿ ಫಾರ್ಮ್ ತುಂಬಿದವನು ನಾನು. ಅದು ಕ್ಯಾನರಿ ಇದೆ ಅನ್ನುವುದು ಬೈನರಿಯಲ್ಲಿ ‘ಸ್ಟ್ಯಾಕ್ ಚೆಕ್ ಫೇಲ್’ ಅನ್ನುವ ಹೆಸರು ಕಂಡರೆ. ಸಾವಿರ ಫಂಕ್ಷನ್ನಿನಲ್ಲಿ ಒಂದೇ ಒಂದರಲ್ಲಿ ಇದ್ದರೂ ಹಸಿರು. ಸ್ಟ್ಯಾಕ್ ಕ್ಲ್ಯಾಶ್ ಅಂತೂ ನಮ್ಮ ರಿಪೋರ್ಟಿನಲ್ಲಿ ಇರಲೇ ಇಲ್ಲ. ಬೈನರಿಯೊಳಗೆ ಹೆಸರು ಬಿಟ್ಟು ಹೋಗುವ ರಕ್ಷಣೆಯನ್ನು ಹುಡುಕುವುದು ಸುಲಭ. ಬರೀ ನಾಲ್ಕು ಇನ್‌ಸ್ಟ್ರಕ್ಷನ್ ಬಿಟ್ಟು ಹೋಗುವುದನ್ನು ಕಣ್ಣಿಂದ ನೋಡಬೇಕು.

ಈಗ ಬದಲಿಯಾಗಿ ಏನು ಬಳಸಿದೆವು ಅನ್ನುವುದು. ಇದು ಓದುವವರಿಗೆ ಮುಖ್ಯ.

ಮೊದಲು ಎಸ್‌ಡಿಕೆಯ ಲಿನಕ್ಸ್ ಬದಲು ಡೆಬಿಯನ್ ಲಿನಕ್ಸ್ 13 ಹಾಕಿದೆವು. ಇದು 2025ರ ಆಗಸ್ಟ್‌ನಲ್ಲಿ ಬಂದದ್ದು, ರಿಸ್ಕ್-ಫೈವ್ 64 ಅಧಿಕೃತವಾಗಿ ಸೇರಿದ ಮೊದಲ ಡೆಬಿಯನ್. ಬೂಟ್ ಆಗಲು ಸ್ವಲ್ಪ ಕಸರತ್ತು, ಆಮೇಲೆ ಸಲೀಸು. ಪಿಐಇ ತಾನಾಗಿ ಬರುತ್ತದೆ. ಉಳಿದ ಫ್ಲ್ಯಾಗುಗಳನ್ನು ಡೆಬಿಯನ್‌ನವರು ಕಂಪೈಲರಿನಲ್ಲಿ ಕೂರಿಸುವುದಿಲ್ಲ, ತಮ್ಮ ಪ್ಯಾಕೇಜ್ ಕಟ್ಟುವ ಸಲಕರಣೆಯಿಂದ ಕೊಡುತ್ತಾರೆ. ಅಂದರೆ ಅವರ ಪ್ಯಾಕೇಜುಗಳಿಗೆ ಸಿಗುತ್ತದೆ, ನೀವು ಸುಮ್ನೆ ಜಿಸಿಸಿ ಅಂತ ಟೈಪ್ ಮಾಡಿದರೆ ಸಿಗುವುದಿಲ್ಲ. ಆ ಸಲಕರಣೆಯೊಳಗೆ ಯಾವ ಪ್ರೊಸೆಸರಿಗೆ ಏನು ಬೇಡ ಅನ್ನುವ ಪಟ್ಟಿಯೂ ಇದೆ, ಓದಲು ಮಜಾ. ಆಲ್ಫಾ, ಐಎ64, ಎಚ್‌ಪಿಪಿಎ ಇವಕ್ಕೆ ಸ್ಟ್ಯಾಕ್ ಪ್ರೊಟೆಕ್ಟರೇ ಆಫ್. ಎಚ್‌ಪಿಪಿಎಯಲ್ಲಿ ಸ್ಟ್ಯಾಕ್ ಮೇಲ್ಮುಖವಾಗಿ ಬೆಳೆಯುತ್ತದೆ, ಇಡೀ ಜಗತ್ತು ಕೆಳಗಿಳಿಯುವಾಗ ಅದು ಮೇಲೆ ಹತ್ತುತ್ತದೆ, ಎಲ್ಲರಿಗೂ ಬರೆದ ಕ್ಯಾನರಿ ಅದಕ್ಕೆ ಹೊಂದುವುದಿಲ್ಲ. ಕನಿಷ್ಠ ಇಲ್ಲ ಅಂತ ಬರೆದು ಇಟ್ಟಿದ್ದಾರಲ್ಲ, ನನಗೆ ಅದು ಇಷ್ಟವಾಯಿತು.

ಡೆಬಿಯನ್‌ಗೆ ಹೋದ ಕೂಡಲೇ ಮೀಟರ್ ಸಮಸ್ಯೆ ಮಾಯ. ಹುಡುಗ ಕುಣಿದಾಡಿದ. ಗುಣವಾಗಿಲ್ಲ ಮಾರಾಯ, ಮುಚ್ಚಿಕೊಂಡಿದೆ ಅಷ್ಟೇ ಅಂದೆ. ಗ್ಲಿಬ್‌ಸಿ ಬಂತು, ಥ್ರೆಡ್ಡಿಗೆ 8 ಎಂಬಿ ಬಂತು, ಬಾವಿ ಆಳವಾಯಿತು. ಬೇಕಂತಲೇ ಥ್ರೆಡ್ ಸ್ಟ್ಯಾಕನ್ನು 128 ಕೆಬಿಗೆ ಇಳಿಸಿ ಓಡಿಸಿದೆವು, ರೋಗ ಮರಳಿ ಬಂತು. ಡೆಬಿಯನ್ 13ರಲ್ಲಿ ಇರುವುದು ಜಿಸಿಸಿ 14, ರಿಸ್ಕ್-ಫೈವ್‌ಗೆ ಅದರಲ್ಲೂ ಆ ಲೂಪ್ ಇಲ್ಲ.

ಜಿಸಿಸಿ 14ರಲ್ಲಿ ‘ಎಫ್‌ಹಾರ್ಡನ್ಡ್’ ಅಂತ ಒಂದು ಹೊಸ ಫ್ಲ್ಯಾಗ್ ಬಂದಿದೆ. ಇದಕ್ಕೆ ಮೂರೂವರೆ ಸ್ಟಾರ್. ಒಂದೇ ಫ್ಲ್ಯಾಗ್ ಹಾಕಿದರೆ ಫೋರ್ಟಿಫೈ 3, ಪಿಐಇ, ರೆಲ್‌ರೋ, ನೌ, ಸ್ಟ್ಯಾಕ್ ಪ್ರೊಟೆಕ್ಟರ್ ಸ್ಟ್ರಾಂಗ್, ಸ್ಟ್ಯಾಕ್ ಕ್ಲ್ಯಾಶ್, ಲೋಕಲ್ ವೇರಿಯಬಲ್‌ಗಳಿಗೆ ತಾನಾಗಿ ಸೊನ್ನೆ ತುಂಬುವುದು, ಸಿ++ ಲೈಬ್ರರಿಯ ಅಸರ್ಷನ್‌ಗಳು, ಎಲ್ಲಾ ಒಟ್ಟಿಗೆ. ಸಿಎಫ್ ಪ್ರೊಟೆಕ್ಷನ್ ಅನ್ನು ಇಂಟೆಲ್ ಇದ್ದರೆ ಮಾತ್ರ ಹಾಕಿಕೊಳ್ಳುತ್ತದೆ, ನಮಗೆ ಬಂದಂಥ ಎರರ್ ಬರುವುದಿಲ್ಲ. ಏನೇನು ಹಾಕಿದೆ ಅಂತ ಕೇಳಿದರೆ ಪಟ್ಟಿ ಕೊಡುತ್ತದೆ. ಓ2 ಬರೆಯಲು ಮಾತ್ರ ಮರೆಯಬೇಡಿ, ಆಪ್ಟಿಮೈಸೇಷನ್ ಇಲ್ಲದೆ ಫೋರ್ಟಿಫೈ ಕೆಲಸ ಮಾಡುವುದಿಲ್ಲ. ಲಿನಕ್ಸ್‌ಗೆ ಮಾತ್ರ, ಬರೀ ಮೈಕ್ರೋಕಂಟ್ರೋಲರ್ ಇದ್ದವರಿಗೆ ಇದು ಇಲ್ಲ. ನಮ್ಮ ಪುಣೆಯಲ್ಲೇ ಮುಖ್ಯ ಕಚೇರಿ ಇರುವ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನವರ ವೇಗ ಸರಣಿಯ ಮೈಕ್ರೋಕಂಟ್ರೋಲರ್ ತೇಜಸ್32 ಹಾಕಿದ ಬೋರ್ಡ್ ನಮ್ಮ ಆಫೀಸಿನಲ್ಲಿ ಒಂದಿದೆ, ಅಂಥದ್ದರಲ್ಲಿ ಕ್ಯಾನರಿಯ ಸಂಖ್ಯೆ, ಅದು ಮುರಿದಾಗ ಕರೆಯುವ ಫಂಕ್ಷನ್ ಎರಡನ್ನೂ ನೀವೇ ಬರೆದುಕೊಡಬೇಕು. ಉಳಿದ ಒಂದೂವರೆ ಸ್ಟಾರ್ ಕಿತ್ತದ್ದು ಯಾಕೆ ಅಂದ್ರೆ, ಪಟ್ಟಿಯಲ್ಲಿ ಸ್ಟ್ಯಾಕ್ ಕ್ಲ್ಯಾಶ್ ಅಂತ ಬರೆದಿರುತ್ತದೆ, ರಿಸ್ಕ್-ಫೈವ್‌ನಲ್ಲಿ ಅರ್ಧ ಮಾತ್ರ ಅಂತ ಬರೆದಿರುವುದಿಲ್ಲ. ಎಚ್ಚರಿಕೆ ಕೊಡುವ ಒಂದು ವಾರ್ನಿಂಗ್ ಇದೆ, ಆದರೆ ಅದು ಬರುವುದು ನಾವೇ ಬೇರೆ ಫ್ಲ್ಯಾಗ್ ಕೊಟ್ಟು ಅಡ್ಡಿಪಡಿಸಿದರೆ, ಇಲ್ಲವೇ ಓ2 ಮರೆತರೆ.

ಕೊನೆಗೆ ಜಿಸಿಸಿ 15. ಮೂಲದಿಂದ ಕಟ್ಟಿದೆವು, ಪೈ, ಎಸ್‌ಎಸ್‌ಪಿ ಎರಡನ್ನೂ ಡಿಫಾಲ್ಟ್ ಮಾಡಿ. ಬೋರ್ಡಿನ ಮೇಲೇ ಕಟ್ಟೋಣ ಅಂತ ಹುಮ್ಮಸ್ಸಿನಲ್ಲಿ ಸಂಜೆ ಶುರು ಮಾಡಿ ಮನೆಗೆ ಹೋದೆವು. ಬೆಳಿಗ್ಗೆ ಕರ್ವೆ ರೋಡಿನ ಟ್ರಾಫಿಕ್ ದಾಟಿ ಬಂದರೂ ಮುಗಿದಿರಲಿಲ್ಲ. ಬಿಟ್ಟು ಡೆಸ್ಕ್‌ಟಾಪ್‌ನಲ್ಲಿ ಕ್ರಾಸ್ ಕಂಪೈಲರ್ ಮಾಡಿಕೊಂಡೆವು, ಬೋರ್ಡಿನ ಬೈನರಿಯನ್ನು ಅಲ್ಲೇ ಕಟ್ಟಲು. ಅದೇ ಕೋಡ್, ಅದೇ 128 ಕೆಬಿ ಸ್ಟ್ಯಾಕ್, ಅದೇ ಬೋರ್ಡ್. ಥ್ರೆಡ್ ಶುರುವಾಗಿ ಆ ಫಂಕ್ಷನ್ನಿಗೆ ಕಾಲಿಟ್ಟ ಕ್ಷಣ ಸೆಗ್‌ಫಾಲ್ಟ್, ಗಾರ್ಡ್ ಮುಟ್ಟಿ ಪ್ರೋಗ್ರಾಂ ಸತ್ತಿತು. ತಪ್ಪು ಹುಡುಕುವ ಸಾಧನ ಜಿಡಿಬಿ ನೇರ ಆ ಸಾಲನ್ನೇ ತೋರಿಸಿತು. ನಾಲ್ಕು ಜನ ಸೆಗ್‌ಫಾಲ್ಟ್ ನೋಡಿ ಚಪ್ಪಾಳೆ ಹೊಡೆದದ್ದು ನಮ್ಮ ಆಫೀಸಿನಲ್ಲೇ ಮೊದಲು. ಆಮೇಲೆ ಅರೇಯನ್ನು 16 ಕೆಬಿಗೆ ಇಳಿಸಿದೆ, ಮುಜುಗರದಿಂದ.

ಸ್ಪೀಡ್ ಕಡಿಮೆಯಾಯಿತಾ ಅಂತ ಕೇಳಬಹುದು. ಮೀಟರ್ ಓದುವ ಕೆಲಸಕ್ಕೆ ಗೊತ್ತೇ ಆಗಲಿಲ್ಲ. ಬೈನರಿ ಸ್ವಲ್ಪ ಉಬ್ಬಿತು.

ಹಾಗಾದರೆ ರಿಸ್ಕ್-ಫೈವ್ ಬೇಡ, ಆರ್ಮ್ ತಗೊಳ್ಳೋಣ ಅನ್ನುವವರಿಗೆ: ಆರ್ಮ್ 64 ಎರಡನೇ ಪಂಕ್ತಿಯಲ್ಲಿ ಕೂತಿದೆ, ಆದರೂ 2023ರ ಸೆಪ್ಟೆಂಬರ್‌ನಲ್ಲಿ ಏನು ಹೊರಬಂತು ನೋಡಿ. ಜಿಸಿಸಿ ಆರ್ಮ್ 64ರಲ್ಲಿ ವಾಪಸ್ ಹೋಗುವ ವಿಳಾಸವನ್ನು ಲೋಕಲ್‌ಗಳ ಕೆಳಗಿಡುತ್ತಿತ್ತು, ಇಂಟೆಲ್‌ನ ಹಾಗೆ ಮೇಲಲ್ಲ. ಓಡುವಾಗ ಅಳತೆ ತಿಳಿಯುವ ಅರೇ ಅದಕ್ಕಿಂತಲೂ ಕೆಳಗೆ ಬರುತ್ತಿತ್ತು. ಅದು ತುಂಬಿ ಹರಿದರೆ ಮೊದಲು ಸಿಗುವುದೇ ಆ ವಿಳಾಸ, ಕ್ಯಾನರಿ ಅದರಾಚೆ. ಕಳ್ಳ ಒಳಗೆ ಬಂದು ಹೋದ ಮೇಲೆ ಕಾವಲುಗಾರ ಸಿಗುತ್ತಾನೆ. ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2023-4039 ಅಂತ ಅದರ ನಂಬರ್. ಮೆಟಾ ಕಂಪನಿಯ ಭದ್ರತಾ ತಂಡ ಕಂಡುಹಿಡಿದದ್ದು. ಅಷ್ಟು ದಿನ ಚೆಕ್‌ಸೆಕ್ ಅದಕ್ಕೂ ಹಸಿರು ತೋರಿಸುತ್ತಿತ್ತು ಅಲ್ವಾ.

ಈ ಬೋರ್ಡ್ ಕೊಳ್ಳುವವರಿಗೆ ಇನ್ನೊಂದು. ಉಬುಂಟು ಹಾಕಿಕೊಂಡು ನೆಮ್ಮದಿಯಾಗಿರೋಣ ಅಂತ ಲೆಕ್ಕ ಹಾಕಿದ್ದರೆ 24.04 ಸರಿ. 25.10ರಿಂದ ಅವರು ಆರ್‌ವಿಎ23 ಅನ್ನುವ ಹೊಸ ರಿಸ್ಕ್-ಫೈವ್ ಸೌಲಭ್ಯಗಳ ಕಟ್ಟು ಇರುವ ಚಿಪ್ಪೇ ಬೇಕು ಅಂದಿದ್ದಾರೆ, ಈ ಬೆಲೆಯ ಹಳೆಯ ಬೋರ್ಡುಗಳಲ್ಲಿ ಅದಿಲ್ಲ. ಡೆಬಿಯನ್‌ನಲ್ಲಿ ಆ ತೊಂದರೆ ಇಲ್ಲ.

ಇಷ್ಟಾದರೂ ಬೋರ್ಡಿಗೆ ನಾಲ್ಕು ಸ್ಟಾರ್ ಹಾಗೇ ಇದೆ, ಇಪ್ಪತ್ತು ಬೋರ್ಡಿಗೆ ಆರ್ಡರ್ ಕೊಟ್ಟಿದ್ದೇವೆ. ಎಸ್‌ಡಿಕೆ ಬಂದ ಮೆಮರಿ ಕಾರ್ಡನ್ನು ಅಳಿಸಿ ಹುಡುಗ ತನ್ನ ಕ್ಯಾಮೆರಾಗೆ ಹಾಕಿಕೊಂಡ. ಈಗ ಮೇಕ್‌ಫೈಲಿನಲ್ಲಿ ಫ್ಲ್ಯಾಗುಗಳನ್ನು ನಾವೇ ಬರೆಯುತ್ತೇವೆ, ಯಾರ ಡಿಫಾಲ್ಟನ್ನೂ ನೆಚ್ಚಿಕೊಳ್ಳುವುದಿಲ್ಲ. ಜೊತೆಗೆ ‘ರೆಕಾರ್ಡ್ ಜಿಸಿಸಿ ಸ್ವಿಚಸ್’ ಹಾಕಿರುತ್ತೇವೆ, ಯಾವ ಫ್ಲ್ಯಾಗ್‌ನಿಂದ ಕಟ್ಟಿದ್ದು ಅಂತ ಬೈನರಿಯೊಳಗೇ ಬರೆದಿರುತ್ತದೆ. ಅದರ ಮೇಲೆ ಒಂದು ಸಣ್ಣ ಪರೀಕ್ಷೆ: ದೊಡ್ಡ ಅರೇ ಇರುವ ಮೂರು ಸಾಲಿನ ಫಂಕ್ಷನ್, ಚಿಕ್ಕ ಥ್ರೆಡ್. ಸತ್ತರೆ ಪಾಸ್.

ಭೋಸರಿಯವರಿಗೆ ಮೊದಲು ಕಳಿಸಿದ ಫಾರ್ಮ್ ವಾಪಸ್ ತಗೊಂಡು ಹೊಸದು ಕಳಿಸಿದೆವು. ಹುಡುಗ ನಾಲ್ಕು ಕಾಲಂ ಪಕ್ಕ ಐದನೆಯದು ತಾನೇ ಗೆರೆ ಎಳೆದು, ಸ್ಟ್ಯಾಕ್ ಕ್ಲ್ಯಾಶ್, ಇದೆ, ಡಂಪ್ ಲಗತ್ತಿಸಿದೆ ಅಂತ ಬರೆದಿದ್ದ. ಮರುದಿನ ಅಲ್ಲಿನ ಐಟಿ ಮೇಡಂ ಫೋನ್ ಮಾಡಿ, ಈ ಐದನೇ ಕಾಲಂ ಎಂಥದ್ದು ಅಂತ ಮರಾಠಿಯಲ್ಲಿ ಕೇಳಿದರು. ‘ದಾದಾ, ಹಾ ಪಾಚವಾ ಕಾಲಂ ಕಸಲಾ?’